ಚಳಿಗಾಲದಲ್ಲಿ ಗುಂಪಿನ ಜೊತೆ ಕಲ್ಲು, ಕೆಸರು, ಡಾಂಬರಿನ ಸೈಕಲ್ ರೈಡ್: ಕೊನೆಯ ಸವಾರಳ ಮಾತು

ಸ್ವಲ್ಪ ಡಾಂಬರು, ಸ್ವಲ್ಪ ಜಲ್ಲಿ, ಕಾಡಿನ ಮಣ್ಣು ದಾರಿ, ನಡುವೆ ಒಂದೆರಡು ಕಡೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವ ಜಾಗ. ಜೊತೆಗೆ ಚಳಿ, ಜೊತೆಗೆ ಹತ್ತು ಜನ. ಇಂಥ ರೈಡ್‌ಗೆ ಬರುತ್ತೇನೆ ಅಂತ ಹೆಸರು ಕೊಟ್ಟವರು ಮೊದಲು ಯೋಚಿಸುವುದು ‘ಅವರ ವೇಗಕ್ಕೆ ನನ್ನಿಂದ ಆಗುತ್ತಾ?’ ಅಂತ.

ನಾನು ಸಾಮಾನ್ಯವಾಗಿ ಗುಂಪಿನ ಕೊನೆಯಲ್ಲಿ ಸ್ವೀಪ್ ಆಗಿ ಹೋಗುತ್ತೇನೆ. ಯಾರೂ ಹಿಂದೆ ಉಳಿದುಹೋಗದಂತೆ ನೋಡಿಕೊಳ್ಳುವ ಕೆಲಸ ಅದು. ಎಲ್ಲರ ಬೆನ್ನೂ ಕಾಣುವ ಜಾಗ. ಅಲ್ಲಿಂದ ನನಗೆ ಕಂಡ ಸಂಗತಿ ಒಂದೇ: ಚಳಿಗಾಲದ ರೈಡ್ ಕೆಡುವುದು ನಿಂತಾಗ. ದಿಬ್ಬ ಹತ್ತುವಾಗ ಚೆನ್ನಾಗಿಯೇ ಇದ್ದವರು ಒಂದು ಪಂಕ್ಚರ್‌ಗೆ ಇಪ್ಪತ್ತು ನಿಮಿಷ ನಿಂತರೆ ಸಾಕು, ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಕಾರಣ ಸರಳ. ಪೆಡಲ್ ತುಳಿಯುವಾಗ ದೇಹ ಸುಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಚಕ್ರಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಶಾಖ. ನೀವು 150 ವ್ಯಾಟ್‌ನಲ್ಲಿ ತುಳಿಯುತ್ತಿದ್ದರೆ ಮೈಯಿಂದ 450 ವ್ಯಾಟ್ ಆಸುಪಾಸಿನ ಶಾಖ ಬರುತ್ತಿರುತ್ತದೆ. ನಿಂತ ಸ್ವಲ್ಪ ಹೊತ್ತಿಗೇ ಅದು 100 ವ್ಯಾಟ್ ಹತ್ತಿರಕ್ಕೆ ಇಳಿಯುತ್ತದೆ. ಬೆವರಿಗೆ ಒದ್ದೆಯಾದ ಬಟ್ಟೆ ಮಾತ್ರ ಹಾಗೆಯೇ ಮೈಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಟೈರು, ಬಟ್ಟೆ, ತಿಂಡಿ, ಸಾಲಿನ ಕ್ರಮ ಯಾವುದನ್ನು ತೀರ್ಮಾನಿಸುವಾಗಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದರಿಂದ ನಿಲ್ಲುವುದು ಕಡಿಮೆಯಾಗುತ್ತಾ, ಜಾಸ್ತಿಯಾಗುತ್ತಾ?

ದಾರಿ ಮತ್ತು ಗುಂಪು

ರೂಟ್ ಫೈಲ್ (ದಾರಿಯ ಡಿಜಿಟಲ್ ನಕ್ಷೆ) ಕೈಗೆ ಬಂದ ಕೂಡಲೇ ಒಟ್ಟು ಕಿಲೋಮೀಟರ್ ನೋಡಿ ಸುಮ್ಮನಾಗಬೇಡಿ. ಎಷ್ಟು ಡಾಂಬರು, ಎಷ್ಟು ಮಣ್ಣು ಅಂತ ಬೇರೆ ಬೇರೆ ಲೆಕ್ಕ ಹಾಕಿ. ಡಾಂಬರಿನಲ್ಲಿ ಗಂಟೆಗೆ 25 ಕಿ.ಮೀ. ಹೋಗುವ ಗುಂಪು ಒದ್ದೆ ಮಣ್ಣಿನಲ್ಲಿ 14–15ಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಚಳಿಯ ಗಾಳಿಯೂ ದಪ್ಪ. 20 ಡಿಗ್ರಿಗಿಂತ 0 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 7 ಜಾಸ್ತಿ. ಅಷ್ಟೇ ಶ್ರಮ ಹಾಕಿದರೂ ವೇಗ ಸ್ವಲ್ಪ ಕಡಿಮೆಯೇ. ಬೇಸಿಗೆಯ ಲೆಕ್ಕ ಹಿಡಿದು ಹೊರಟರೆ ಕತ್ತಲಾಗುವುದು ಖಚಿತ. ಸೂರ್ಯ ಮುಳುಗುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲೇ ಮುಗಿಯುವ ಹಾಗೆ ಹೊರಡುವ ಸಮಯ ಇಟ್ಟುಕೊಳ್ಳಿ. ಲೈಟ್ ಆಗಲೂ ಜೊತೆಗಿರಲಿ.

ದಾರಿ ಬಿಟ್ಟು ಬೇಗ ವಾಪಸ್ ಬರಬಹುದಾದ ತಿರುವುಗಳನ್ನು ಮೊದಲೇ ಗುರುತು ಮಾಡಿ. ಎರಡು ಮೂರಾದರೂ ಇರಬೇಕು. ಅವು ಎಲ್ಲಿವೆ ಅಂತ ಲೀಡರ್‌ಗೆ ಗೊತ್ತಿದ್ದರೆ ಸಾಲದು, ಎಲ್ಲರಿಗೂ ಗೊತ್ತಿರಬೇಕು. ‘ನನಗೆ ಇವತ್ತು ಇಷ್ಟು ಸಾಕು’ ಅಂತ ಹೇಳುವುದು ಆಗ ಸುಲಭವಾಗುತ್ತದೆ.

ಹೊರಡುವ ಮೊದಲು ಗುಂಪಿನಲ್ಲಿ ಎರಡು ವಿಷಯ ಇತ್ಯರ್ಥವಾಗಿರಲಿ. ಮೊದಲನೆಯದು, ಹಿಂದುಳಿದವರಿಗೆ ಕಾಯುತ್ತೀರಾ, ಇಲ್ವಾ? ಕಾಯುವುದಾದರೆ ಎಲ್ಲಿ? ದಿಬ್ಬದ ತುದಿಯಲ್ಲಿ ಕಾಯುವ ಅಭ್ಯಾಸ ಬಹಳ ಕಡೆ ಇದೆ. ಚಳಿಗಾಲದಲ್ಲಿ ಅದು ತಪ್ಪು. ತುದಿಯಲ್ಲಿ ಗಾಳಿ ಜೋರು, ಹತ್ತಿದವರೆಲ್ಲ ಬೆವರಿರುತ್ತಾರೆ. ತುದಿಗೆ ಸ್ವಲ್ಪ ಮೊದಲು, ಮರದ ಅಥವಾ ಗೋಡೆಯ ಮರೆಯಿರುವ ಜಾಗ ಹುಡುಕಿ. ಇಲ್ಲದಿದ್ದರೆ ಮುಂದಿದ್ದವರು ತಿರುಗಿ ಇಳಿದುಬಂದು ಕೊನೆಯವರ ಜೊತೆ ಮತ್ತೆ ಹತ್ತಲಿ. ಮೈ ಬೆಚ್ಚಗಿರುತ್ತದೆ, ಹಿಂದಿನವರಿಗೂ ಜೊತೆ ಸಿಗುತ್ತದೆ. ನನಗೆ ಈ ಪದ್ಧತಿ ತುಂಬಾ ಇಷ್ಟ.

ಎರಡನೆಯದು, ಯಾರ ಹತ್ತಿರ ಏನಿದೆ? ಚೈನ್ ಬಿಚ್ಚಿ ಜೋಡಿಸುವ ಚೈನ್ ಟೂಲ್, ಟೈರಿನ ತೂತಿಗೆ ತುರುಕುವ ಟೈರ್ ಪ್ಲಗ್, ಪ್ರಥಮ ಚಿಕಿತ್ಸೆಯ ಕಿಟ್, ಫಾಯಿಲ್ ಹೊದಿಕೆ ಇವನ್ನು ಹಂಚಿಕೊಂಡು ಒಯ್ಯಬಹುದು. ಆದರೆ ನಿಮ್ಮ ಚಕ್ರಕ್ಕೆ ಹೊಂದುವ ಟ್ಯೂಬ್, ಪಂಪ್, ನಿಮ್ಮ ಸೈಕಲ್ಲಿನ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು) ನಿಮ್ಮ ಹತ್ತಿರವೇ ಇರಬೇಕು. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಪಕ್ಕದವರದ್ದು ಹೊಂದುತ್ತದೆ ಅನ್ನುವ ಭರವಸೆ ಇಲ್ಲ.

ಸೈಕಲ್: ಟೈರಿನಿಂದ ಶುರು ಮಾಡಿ

ದುಬಾರಿ ಸೈಕಲ್ ಕೊಂಡುಕೊಳ್ಳುವ ಮಾತು ಬೇಡ. ನಿಮ್ಮ ಫ್ರೇಮಿನಲ್ಲಿ ಕೂರುವ ಅತಿ ಅಗಲದ ಟೈರ್ ಹಾಕಿ, ಅಷ್ಟೇ. ಸೈಕ್ಲೋಕ್ರಾಸ್ (ಕೆಸರು, ಹುಲ್ಲಿನ ಸುತ್ತುದಾರಿಯ ಸೈಕಲ್ ಪಂದ್ಯ) ರೇಸಿನವರು 33 ಮಿ.ಮೀ. ಟೈರಿನಲ್ಲೇ ಚಳಿಗಾಲದ ಕೆಸರಿನಲ್ಲಿ ಓಡಿಸುತ್ತಾರೆ, ಅಲ್ಲಿ ಅದೇ ಗರಿಷ್ಠ ಮಿತಿ. ಆದರೆ ಅವರ ರೇಸ್ ಒಂದು ಗಂಟೆಯ ಆಸುಪಾಸು. ಐದಾರು ಗಂಟೆ ಕಲ್ಲಿನ ಮೇಲೆ ಕೂರುವ ನಮಗೆ 40 ಮಿ.ಮೀ. ಇದ್ದರೆ ಕೈಗೂ ಬೆನ್ನಿಗೂ ಎಷ್ಟೋ ಆರಾಮ. ಟೈರ್ ಮತ್ತು ಫ್ರೇಮಿನ ನಡುವೆ ಕೆಸರಿಗೆ ಜಾಗ ಬಿಡುವುದನ್ನು ಮರೆಯಬೇಡಿ. ಒಂದು ಬೆರಳು ತೂರದಿದ್ದರೆ ಅಂಟು ಮಣ್ಣಿನಲ್ಲಿ ಚಕ್ರವೇ ತಿರುಗುವುದಿಲ್ಲ.

ಗಾಳಿಯ ಒತ್ತಡದ ವಿಷಯದಲ್ಲಿ ಜನ ಹೆದರುತ್ತಾರೆ. ಕಡಿಮೆ ಮಾಡಿದರೆ ನಿಧಾನವಾಗುತ್ತೆ ಅಂತ. ಕಲ್ಲಿನ ದಾರಿಯಲ್ಲಿ ನಡೆಯುವುದು ಉಲ್ಟಾ. ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ನಿಮ್ಮ ಶ್ರಮ ಪೋಲಾಗುತ್ತದೆ. 70 ಕಿಲೋ ತೂಕದವರು 40 ಮಿ.ಮೀ. ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ) ಟೈರಿಗೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಂದ ಶುರು ಮಾಡಬಹುದು. ಹಿಂದಿನ ಚಕ್ರಕ್ಕೆ ಎರಡು ಮೂರು ಜಾಸ್ತಿ. ಟ್ಯೂಬ್ ಹಾಕಿದ್ದರೆ ಇನ್ನೂ ಐದಾರು ಸೇರಿಸಿ, ಇಲ್ಲದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ತೂತಾಗುತ್ತದೆ. ಇನ್ನೊಂದು ಸಣ್ಣ ಲೆಕ್ಕ. ಮನೆಯೊಳಗೆ 20 ಡಿಗ್ರಿಯಲ್ಲಿ 30 ಪಿಎಸ್‌ಐ ತುಂಬಿಸಿ 0 ಡಿಗ್ರಿಯ ಹೊರಗೆ ಹೋದರೆ ಅದು 27ರ ಹತ್ತಿರ ಬರುತ್ತದೆ. ಸೋರಿಕೆ ಏನಿಲ್ಲ, ಗಾಳಿ ತಣ್ಣಗಾದಾಗ ಒತ್ತಡ ಇಳಿಯುತ್ತದೆ. ಆ ಮೂರನ್ನು ಮೊದಲೇ ಸೇರಿಸಿ ತುಂಬಿಸಿ.

ಟ್ಯೂಬ್‌ಲೆಸ್ ಇರುವವರು ಸೀಲಂಟ್ (ಸಣ್ಣ ತೂತನ್ನು ಒಳಗಿಂದಲೇ ಮುಚ್ಚುವ ದ್ರವ) ನೋಡಿಕೊಳ್ಳಿ. ಎರಡು ಮೂರು ತಿಂಗಳಿಗೆ ಅದು ಒಣಗುತ್ತಾ ಬರುತ್ತದೆ. ಟೈರ್ ಅಲುಗಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿಸದಿದ್ದರೆ ಹೊಸದು ಹಾಕಿ.

ಬರೀ ಮಂಜುಗಡ್ಡೆಯ ದಾರಿಯಾದರೆ ಕಬ್ಬಿಣದಂಥ ಗಟ್ಟಿ ಮೊಳೆಗಳಿರುವ ಟೈರ್ ಸಿಗುತ್ತದೆ, ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡ್‌ನದು. ಭಾರ, ಸದ್ದೂ ಜಾಸ್ತಿ. ಆದರೆ ಗಟ್ಟಿ ಐಸ್ ಮೇಲೆ ಮಾಮೂಲಿ ರಬ್ಬರ್ ಎಷ್ಟು ಅಗಲ ಇದ್ದರೂ ಹಿಡಿಯುವುದಿಲ್ಲ. ಗುಂಪಿನಲ್ಲಿ ಅರ್ಧ ಜನರಿಗೆ ಮೊಳೆ ಟೈರ್, ಅರ್ಧ ಜನರಿಗೆ ಇಲ್ಲ ಅಂತಾದರೆ ಇಲ್ಲದವರಿಗೆ ಹೊಂದುವ ದಾರಿಯನ್ನೇ ಆರಿಸಬೇಕು.

ಬ್ರೇಕ್ ಪ್ಯಾಡ್ ತೆಗೆದು ನೋಡಿ, ಹೊರಗಿಂದ ಇಣುಕಿದರೆ ಗೊತ್ತಾಗುವುದಿಲ್ಲ. ಮರಳು ಕೂಡಿದ ಕೆಸರು ರೆಸಿನ್ (ರಾಳ ಬೆರೆಸಿ ಮಾಡಿದ, ಮೆತ್ತನೆಯ) ಪ್ಯಾಡನ್ನು ಒಂದೇ ಉದ್ದದ ರೈಡ್‌ನಲ್ಲಿ ತಿಂದುಹಾಕಬಲ್ಲದು. ನಿಮ್ಮ ಡಿಸ್ಕ್ ಒಪ್ಪುವುದಾದರೆ ಚಳಿಗಾಲಕ್ಕೆ ಲೋಹದ ಪ್ಯಾಡ್ ಹಾಕಿ. ಸದ್ದು ಮಾಡುತ್ತದೆ, ಆದರೆ ಬಾಳುತ್ತದೆ. ಚೈನಿಗೆ ಒದ್ದೆ ಹವೆಯ ಎಣ್ಣೆ ಬಿಟ್ಟು, ಮೇಲಿನದ್ದನ್ನು ಬಟ್ಟೆಯಿಂದ ಒರೆಸಿ. ಉದ್ದನೆಯ ಮಡ್‌ಗಾರ್ಡ್ ಹಾಕಿ. ಅದು ನಿಮಗಿಂತ ನಿಮ್ಮ ಹಿಂದಿರುವವರಿಗೆ ಮಾಡುವ ಉಪಕಾರ. ಗಂಟೆಗಟ್ಟಲೆ ಮುಖಕ್ಕೆ ತಣ್ಣೀರು ಎರಚಿಸಿಕೊಂಡು ಬಂದಿದ್ದೇನೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಅಂಟು ಕೆಸರಿನ ದಾರಿಯಲ್ಲಿ ಮಾತ್ರ ಮಡ್‌ಗಾರ್ಡ್ ಬಿಚ್ಚಿಡಿ, ಮಣ್ಣು ಕಚ್ಚಿಕೊಂಡು ಚಕ್ರ ನಿಲ್ಲಿಸುತ್ತದೆ.

ಬಟ್ಟೆ

ಮನೆಯಿಂದ ಹೊರಬಿದ್ದಾಗ ಸ್ವಲ್ಪ ಚಳಿ ಅನ್ನಿಸಬೇಕು. ಹೊರಡುವಾಗಲೇ ಬೆಚ್ಚಗಿದ್ದರೆ ಮೊದಲ ದಿಬ್ಬದಲ್ಲಿ ನೆನೆದುಹೋಗುತ್ತೀರಿ, ಆಮೇಲೆ ದಿನವಿಡೀ ಆ ಒದ್ದೆ ಬಿಡುವುದಿಲ್ಲ. ಮೈಗೆ ತಾಗುವ ಪದರ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಹತ್ತಿ ಬೇಡವೇ ಬೇಡ. ಬೆವರು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಆರುವುದಿಲ್ಲ. ಅದರ ಮೇಲೆ ಜಿಪ್ ಇರುವ ಒಂದು ಬೆಚ್ಚನೆಯ ಜೆರ್ಸಿ, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಏರುವಾಗ ಜಿಪ್ ಇಳಿಸಿ, ಇಳಿಯುವ ಮೊದಲು ಏರಿಸಿ. ಇದಕ್ಕೆ ನಿಲ್ಲಬೇಕಾಗಿಲ್ಲ, ಅದೇ ಜಿಪ್‌ನ ಲಾಭ.

ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2001ರಿಂದ ಕೆನಡಾ ಮತ್ತು ಅಮೆರಿಕದ ಹವಾಮಾನ ಇಲಾಖೆಗಳು ಬಳಸುವ ಸೂತ್ರ ಹಿಡಿದು ಲೆಕ್ಕ ಹಾಕಿದರೆ, 0 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ತಾಗಿದಾಗ ಚರ್ಮಕ್ಕೆ ಮೈನಸ್ 6ರಿಂದ 7ರಷ್ಟು ಚಳಿ ಅನ್ನಿಸುತ್ತದೆ. ಇಳಿಜಾರಿನಲ್ಲಿ ಆ ಗಾಳಿಯನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ. ಅದಕ್ಕೇ ಉದ್ದದ ಇಳಿಜಾರು ಉದ್ದದ ಏರಿಗಿಂತ ಕಷ್ಟ.

ಕಾಲಿನ ವಿಷಯದಲ್ಲಿ ಒಂದು ಮಾತು. ಎರಡು ಜೊತೆ ಸಾಕ್ಸ್ ಹಾಕಿ ಬಿಗಿ ಶೂ ಒಳಗೆ ತುರುಕಿದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ರಕ್ತ ಹರಿಯಲು ಜಾಗ ಬೇಕು, ಬೆರಳು ಅಲ್ಲಾಡಬೇಕು. ಒಂದು ದಪ್ಪ ಸಾಕ್ಸ್, ಸಡಿಲ ಶೂ, ಮೇಲೊಂದು ಹೊದಿಕೆ ಸಾಕು. ನಡೆಯುವ ಜಾಗ ಇರುವುದರಿಂದ ತಳ ಹಿಡಿತ ಇರುವ ಶೂ ಇರಲಿ. ಗ್ಲೌಸ್ ಎರಡು ಜೊತೆ ಒಯ್ಯಿರಿ, ಎರಡನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒದ್ದೆಯಾದ ಗ್ಲೌಸ್ ಬದಲಾಯಿಸಿದ ಕ್ಷಣದ ಸುಖ ಹೇಳತೀರದು. ಬ್ಯಾಗಿನಲ್ಲಿ ತೂಕವಿಲ್ಲದ ಒಂದು ಪಫ್ ಜಾಕೆಟ್ ಮಡಚಿಟ್ಟುಕೊಳ್ಳಿ. ಓಡಿಸುವಾಗ ಅದು ಬೇಡ. ನಿಂತಾಗ ಮಾತ್ರ, ಬೆವರು ಆರುವ ಮೊದಲೇ ಹಾಕಿಕೊಳ್ಳುವುದು.

ತಿನ್ನುವುದು, ಕುಡಿಯುವುದು

ಚಳಿಯಲ್ಲಿ ಬಾಯಾರುವುದೇ ಇಲ್ಲ, ದಪ್ಪ ಗ್ಲೌಸ್‌ನಲ್ಲಿ ಪೊಟ್ಟಣ ಬಿಚ್ಚಲೂ ಬೇಜಾರು. ಹಾಗಾಗಿ ಜನ ತಿನ್ನದೆಯೇ ಎರಡು ಗಂಟೆ ಕಳೆಯುತ್ತಾರೆ. ಹಿಂದಿನಿಂದ ನನಗೆ ಇದು ಚೆನ್ನಾಗಿ ಕಾಣುತ್ತದೆ. ಜೇಬಿಗೆ ಕೈ ಹೋಗದೆ ತುಂಬಾ ಹೊತ್ತಾಗಿರುತ್ತದೆ, ಆಮೇಲೆ ಮುಂದಿನ ಚಕ್ರದಿಂದ ಅಂತರ ಬೀಳಲು ಶುರುವಾಗುತ್ತದೆ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಒಳ್ಳೆಯ ಗುರಿ. ಎಲ್ಲವನ್ನೂ ಮನೆಯಲ್ಲೇ ತುಂಡು ಮಾಡಿ, ಪೊಟ್ಟಣದ ಬಾಯಿ ಅರ್ಧ ಕತ್ತರಿಸಿ ತನ್ನಿ. ಬಾರ್‌ಗಳು ಚಳಿಗೆ ಕಲ್ಲಾಗುತ್ತವೆ, ಜಾಕೆಟ್ಟಿನ ಒಳಜೇಬಿನಲ್ಲಿಡಿ. ಫೋನನ್ನೂ ಅಲ್ಲೇ ಇಡಿ, ಲಿಥಿಯಂ ಬ್ಯಾಟರಿ ಚಳಿಗೆ ಬೇಗ ಕೈಕೊಡುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದರೆ ಬಾಟಲಿಯನ್ನು ತಲೆಕೆಳಗಾಗಿಡಿ. ಐಸ್ ಮೇಲಿನಿಂದ ಕಟ್ಟುತ್ತದೆ, ಹಾಗಾಗಿ ಮುಚ್ಚಳದ ಬಾಯಿ ತೆರೆದೇ ಇರುತ್ತದೆ.

ದಾರಿಯಲ್ಲಿ

ಡಾಂಬರಿನಲ್ಲಿ ಒಬ್ಬರ ಹಿಂದೊಬ್ಬರು ಹತ್ತಿರ ಹೋದರೆ ಗಾಳಿಯ ಮರೆ ಸಿಗುತ್ತದೆ, ಶ್ರಮ ಎಷ್ಟೋ ಉಳಿಯುತ್ತದೆ. ಜಲ್ಲಿ ಶುರುವಾದ ಕೂಡಲೇ ಆ ಲೆಕ್ಕ ಮರೆತುಬಿಡಿ. ಮುಂದಿನವರ ಚಕ್ರಕ್ಕೆ ಎರಡು ಮೂರು ಸೈಕಲ್ ಉದ್ದದ ಅಂತರ ಬಿಡಿ, ನೇರ ಹಿಂದಿರದೆ ಸ್ವಲ್ಪ ಪಕ್ಕಕ್ಕಿರಿ. ನಿಮಗೆ ದಾರಿ ಕಾಣಬೇಕು. ಮುಂದಿನವರ ಬೆನ್ನು ನೋಡುತ್ತಾ ಹೋದವರು ಅವರು ಬಿದ್ದ ಗುಂಡಿಯಲ್ಲೇ ಬೀಳುತ್ತಾರೆ. ‘ಗುಂಡಿ’, ‘ಐಸ್’, ‘ಹಿಂದೆ ಗಾಡಿ’ ಅಂತ ಜೋರಾಗಿ ಕೂಗಿ. ಕಿವಿ ಮುಚ್ಚಿದ ಟೋಪಿಯಲ್ಲಿ ಮೆಲುದನಿ ಕೇಳಿಸುವುದಿಲ್ಲ. ಕೈಸನ್ನೆ ನಂಬಬೇಡಿ, ಒರಟು ದಾರಿಯಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರಬೇಕು.

ಸಡಿಲ ಏರಿನಲ್ಲಿ ಸೀಟಿನ ಮೇಲೇ ಇರಿ, ಎದೆ ಸ್ವಲ್ಪ ತಗ್ಗಿಸಿ. ಎದ್ದು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಜಾರಿ ತಿರುಗುತ್ತದೆ. ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಿ. ಕೆಸರು ಕಚ್ಚಿದ ಚೈನನ್ನು ಪೂರ್ತಿ ಭಾರ ಹಾಕಿ ತುಳಿಯುತ್ತಾ ಬದಲಾಯಿಸಿದರೆ ಹ್ಯಾಂಗರ್ ಮುರಿಯಬಹುದು. ಹ್ಯಾಂಗರ್ ಮುರಿಯುವುದು ಅಂದರೆ ಉದ್ದದ ನಿಲುಗಡೆ.

ಇಳಿಜಾರಿನಲ್ಲಿ ಪೆಡಲ್‌ಗಳು ಸಮಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗೆ, ಮೊಣಕೈ ಸಡಿಲ, ಭಾರ ಸ್ವಲ್ಪ ಹಿಂದಕ್ಕೆ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನಲ್ಲಿ ಚಕ್ರವನ್ನು ಸುಮ್ಮನೆ ಉರುಳಲು ಬಿಡಿ. ಮರಳಿನಲ್ಲಿ ಒಂದು ಗೇರ್ ಭಾರ ಮಾಡಿ, ತುಳಿಯುವುದು ನಿಲ್ಲಿಸಬೇಡಿ, ಮುಂದಿನ ಚಕ್ರ ಅಲುಗಾಡಿದರೆ ಅಲುಗಾಡಲಿ ಬಿಡಿ. ಒದ್ದೆ ಬೇರು, ಮರದ ಹಲಗೆ, ರೈಲು ಕಂಬಿ ಇವನ್ನು ನೇರ ಅಡ್ಡವಾಗಿ ದಾಟಿ. ಓರೆಯಾಗಿ ಹೋದರೆ ಬಿದ್ದೇ ಬೀಳುತ್ತೀರಿ.

ಐಸ್ ಬಗ್ಗೆ ಹೇಳಲೇಬೇಕು. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಮೇಲೆ ಕೆಳಗೆ ಎರಡೂ ಕಡೆಯಿಂದ ಗಾಳಿ ತಾಗುತ್ತದಲ್ವಾ? ಬಿಸಿಲು ಬೀಳದ ತಿರುವುಗಳಲ್ಲಿ ಮಧ್ಯಾಹ್ನದವರೆಗೂ ಐಸ್ ಉಳಿದಿರುತ್ತದೆ. ಡಾಂಬರು ಒದ್ದೆಯಂತೆ ಹೊಳೆಯುತ್ತಿದ್ದು ಮುಂದಿನವರ ಚಕ್ರದಿಂದ ನೀರು ಹಾರದಿದ್ದರೆ ಅದು ನೀರಲ್ಲ. ಆಗ ಬ್ರೇಕ್ ಮುಟ್ಟಬೇಡಿ, ತಿರುಗಿಸಬೇಡಿ, ಜೋರು ತುಳಿಯಬೇಡಿ. ನೇರವಾಗಿ ಉರುಳುತ್ತಾ ದಾಟಿ. ಉದ್ದಕ್ಕೆ ಇದ್ದರೆ ಇಳಿದು ಪಕ್ಕದ ಹುಲ್ಲಿನ ಮೇಲೆ ನಡೆಯಿರಿ. ಇಡೀ ಗುಂಪು ಇಳಿಯಲಿ. ಒಬ್ಬರು ಓಡಿಸಿಕೊಂಡು ಹೋದರೆ ಉಳಿದವರಿಗೂ ಇಳಿಯಲು ಸಂಕೋಚವಾಗುತ್ತದೆ.

ಪಂಕ್ಚರ್ ಆದಾಗ

ಇದಕ್ಕೆ ಮೊದಲೇ ಒಂದು ಕ್ರಮ ಮಾತಾಡಿಕೊಂಡಿರಬೇಕು. ಗಾಳಿಯ ಮರೆ ಸಿಗುವವರೆಗೆ ನಡೆದುಕೊಂಡು ಹೋಗಿ. ಇಬ್ಬರು ಮಾತ್ರ ರಿಪೇರಿ ಮಾಡಲಿ, ಒಬ್ಬರು ಚಕ್ರಕ್ಕೆ, ಒಬ್ಬರು ಟೂಲ್, ಟ್ಯೂಬ್, ಪಂಪಿಗೆ. ಉಳಿದವರು ಸುತ್ತ ನಿಂತು ಸಲಹೆ ಕೊಡುವುದು ಬೇಡ. ಅವರು ಜಾಕೆಟ್ ಹಾಕಿಕೊಂಡು, ತಿಂದು, ಹಿಂದೆ ಮುಂದೆ ನಿಧಾನವಾಗಿ ಓಡಿಸುತ್ತಿರಲಿ.

ಸಣ್ಣ ತೂತಾದರೆ ಚಕ್ರ ಬಿಚ್ಚಲೇಬೇಡಿ. ಟ್ಯೂಬ್‌ಲೆಸ್ ಟೈರಿಗೆ ಪ್ಲಗ್ ಚುಚ್ಚಿ, ಗಾಳಿ ಹೊಡೆದು, ಹೊರಡಿ. ದೊಡ್ಡ ಸೀಳಾದರೆ ಟ್ಯೂಬ್ ಹಾಕಿ, ಸೀಳಿನ ಒಳಗೆ ಗಟ್ಟಿ ಪ್ಲಾಸ್ಟಿಕ್ ತುಂಡು ಇಡಿ. ಟ್ಯೂಬ್ ಕೂರಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಅಲ್ಲೇ ಇದೆಯಾ ನೋಡಿ. ಚಳಿಗೆ ಮರಗಟ್ಟಿದ ಬೆರಳಿಗೆ ಮುಳ್ಳು ಗೊತ್ತಾಗುವುದಿಲ್ಲ, ಹಾಗಾಗಿ ಬೆಚ್ಚಗೆ ಕೈ ಇರುವವರೇ ಈ ಕೆಲಸ ಮಾಡಲಿ. ಗ್ಯಾಸ್ ಕಾರ್ಟ್ರಿಜ್ (ಇಂಗಾಲದ ಡೈಆಕ್ಸೈಡ್ ಒತ್ತಿ ತುಂಬಿದ ಪುಟ್ಟ ಡಬ್ಬಿ) ಟೈರನ್ನು ಬೇಗ ತುಂಬುತ್ತದೆ ನಿಜ. ಆದರೆ ಇಂಗಾಲದ ಡೈಆಕ್ಸೈಡ್ ರಬ್ಬರಿನ ಮೂಲಕ ಬೇಗ ಸೋರುತ್ತದೆ, ಕಾರ್ಟ್ರಿಜ್ ವಿಪರೀತ ತಣ್ಣಗಾಗುವುದರಿಂದ ಅದನ್ನು ಬರಿಗೈಯಲ್ಲಿ ಹಿಡಿದರೆ ಬೆರಳು ಸುಟ್ಟಂತಾಗುತ್ತದೆ. ಪಂಪನ್ನು ಬಿಟ್ಟು ಬರಬೇಡಿ. ಗಾಳಿ ಹೊಡೆಯುವ ಕೆಲಸ ಅತಿ ಹೆಚ್ಚು ನಡುಗುತ್ತಿರುವವರಿಗೆ ಕೊಡಿ, ಮೈ ಬೆಚ್ಚಗಾಗುತ್ತದೆ.

ಯಾರಾದರೂ ನಡುಗುತ್ತಿದ್ದರೆ

ನಡುಕ ಒಳ್ಳೆಯದೇ, ದೇಹ ಹೋರಾಡುತ್ತಿದೆ ಅಂತ ಅರ್ಥ. ನನಗೆ ಭಯವಾಗುವುದು ಬೇರೆ ಗುರುತುಗಳಿಗೆ. ಮಾತು ತೊದಲುವುದು, ಜಿಪ್ ಹಾಕಲು ಬಾರದಿರುವುದು, ಕಾರಣವಿಲ್ಲದೆ ಸಿಡುಕುವುದು, ನೇರ ಗೆರೆಯಲ್ಲಿ ಓಡಿಸಲು ಆಗದಿರುವುದು. ದೇಹದ ಒಳಗಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಇನ್ನೂ ಚಳಿಯಲ್ಲೇ ಇದ್ದು ನಡುಕ ನಿಂತುಹೋಯಿತು ಅಂದರೆ ಪರಿಸ್ಥಿತಿ ಕೆಟ್ಟಿದೆ. ಆ ವ್ಯಕ್ತಿ ‘ನಾನು ಚೆನ್ನಾಗಿದ್ದೇನೆ’ ಅಂತಲೇ ಹೇಳುತ್ತಾರೆ, ನಂಬಬೇಡಿ. ರೈಡ್ ಅಲ್ಲಿಗೆ ಮುಗಿಯಿತು. ಗಾಳಿಯ ಮರೆಗೆ ಕರೆದೊಯ್ಯಿರಿ, ಒದ್ದೆ ಬಟ್ಟೆ ಬಿಚ್ಚಿಸಿ ಒಣಗಿದ್ದು ಹಾಕಿಸಿ, ಫಾಯಿಲ್ ಸುತ್ತಿ, ನೆಲದ ಮೇಲೆ ನೇರ ಕೂರಿಸದೆ ಬ್ಯಾಗಿನ ಮೇಲೆ ಕೂರಿಸಿ. ಪೂರ್ತಿ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಮದ್ಯ ಬೇಡ. ಬಿಳಿಚಿ ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಚರ್ಮಕ್ಕೆ ಪೆಟ್ಟಾಗುತ್ತದೆ. ಮಾತು ತೊದಲುತ್ತಿದ್ದರೆ ತುರ್ತು ಸೇವೆಗೆ ಕರೆ ಮಾಡಿ. ಇದರಲ್ಲಿ ಕಾದು ನೋಡುವುದು ಏನೂ ಇಲ್ಲ.

ವಾಪಸ್ ಬಂದ ಮೇಲೆ

ಮೊದಲು ಒಣ ಬಟ್ಟೆ, ಆಮೇಲೆ ಸೈಕಲ್. ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ, ಜೋರಾದ ನೀರನ್ನು ಹಬ್ (ಚಕ್ರದ ನಡುಭಾಗ) ಮತ್ತು ಪೆಡಲ್ ಬೇರಿಂಗಿಗೆ ನೇರ ಬಿಡಬೇಡಿ. ಐಸ್ ಕರಗಿಸಲು ಉಪ್ಪು ಹಾಕಿದ ರಸ್ತೆಯಲ್ಲಿ ಓಡಿಸಿದ್ದರೆ ಅದೇ ದಿನ ತೊಳೆದು, ಚೈನ್ ಒರೆಸಿ, ಎಣ್ಣೆ ಬಿಡಿ. ರಾತ್ರಿ ಕಳೆದರೆ ತುಕ್ಕು ಶುರು. ಲೈಟನ್ನೂ ಫೋನನ್ನೂ ಕೂಡಲೇ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗಿನ ಚಳಿಯಿಂದ ಬಂದ ಲಿಥಿಯಂ ಬ್ಯಾಟರಿ ಕೋಣೆಯ ಶಾಖಕ್ಕೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ಅದರ ಒಳಗೆ ಶಾಶ್ವತ ಹಾನಿಯಾಗುತ್ತದೆ. ಟೈರ್ ಒಣಗಿದ ಮೇಲೆ ನಿಧಾನವಾಗಿ ತಿರುಗಿಸುತ್ತಾ, ರಬ್ಬರಿನಲ್ಲಿ ಹೊಕ್ಕಿರುವ ಕಲ್ಲಿನ ಚೂರುಗಳನ್ನು ಸೂಜಿಯಿಂದ ಕಿತ್ತು ತೆಗೆಯಿರಿ. ಬ್ರೇಕ್ ಪ್ಯಾಡ್ ಅರ್ಧ ಮಿಲಿಮೀಟರ್ ಹತ್ತಿರ ಸವೆದಿದ್ದರೆ ಅವತ್ತೇ ಹೊಸದು ಹಾಕಿ.